ನೊರೆ ನೋಡಿ ಮರುಳಾಗಬೇಡಿ

ಮನೆಯಲ್ಲೇ ಕ್ಲೀನರ್ ಮಾಡಿಕೊಳ್ಳುತ್ತೇವೆ ಅಂತ ಹೊರಟವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಸಿಂಕಿಗೆ ಅಡುಗೆ ಸೋಡಾ ಸುರಿಯುವುದು, ಮೇಲೆ ವಿನೆಗರ್ ಹೊಯ್ಯುವುದು, ಬುಸ್ ಅಂತ ಉಕ್ಕುವ ನೊರೆಯನ್ನು ಫೋನಿನಲ್ಲಿ ಹಿಡಿಯುವುದು. ನೋಡಿ ನೋಡಿ ನನಗೆ ಸಾಕಾಗಿದೆ. ಆ ಬುಸುಗುಟ್ಟುವುದು ಗ್ಯಾಸು ಹೊರಗೆ ಹೋಗುವ ಸದ್ದು, ಅಷ್ಟೆ. ಹುಳಿ ಕ್ಷಾರವನ್ನು ಕೊಂದಿತು, ಕ್ಷಾರ ಹುಳಿಯನ್ನು ಕೊಂದಿತು. ಕೊನೆಗೆ ಉಳಿದದ್ದು ಒಂದಿಷ್ಟು ಉಪ್ಪುಪ್ಪು ನೀರು. ಎರಡು ಒಳ್ಳೆ ಸಾಮಾನು ಹಾಳು ಮಾಡಿ ಏನೂ ಅಲ್ಲದ ನೀರು ಮಾಡಿದ ಹಾಗಾಯಿತು, ಅಲ್ವಾ? ಇನ್ನು ಕೆಲವರು ಇವೆರಡನ್ನೂ ಬಾಟಲಿಗೆ ತುಂಬಿ ಮುಚ್ಚಳ ಬೇರೆ ಬಿಗಿಯುತ್ತಾರೆ. ಒಳಗಿನ ಗ್ಯಾಸು ಎಲ್ಲಿಗೆ ಹೋಗಬೇಕು? ಬಾಟಲಿ ಸಿಡಿಯುತ್ತದೆ.

ಹುಳಿಯ ಕೆಲಸ ಹುಳಿಗೆ ಬಿಡಿ, ಸೋಡಾದ ಕೆಲಸ ಸೋಡಾಗೆ ಬಿಡಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತಿರುವ ನಲ್ಲಿ, ಬಕೆಟ್, ಸ್ಟೀಲ್ ಬಿಂದಿಗೆಗೆ ಹುಳಿ ಬೇಕು. ಅದಕ್ಕೆ ವಿನೆಗರ್ ಕೊಂಡು ತರಬೇಕಾಗಿಯೂ ಇಲ್ಲ. ಚಿತ್ರಾನ್ನಕ್ಕೆ ಹಿಂಡಿದ ನಿಂಬೆ ಹೋಳನ್ನು ನಲ್ಲಿಯ ಮೂತಿಗೆ ಟೋಪಿ ಹಾಕಿದ ಹಾಗೆ ಸಿಕ್ಕಿಸಿ, ನಿಮ್ಮ ಸ್ನಾನ ಮುಗಿಸಿ ಬಂದು ತಿಕ್ಕಿ. ಆದರೆ ಅದೇ ನಿಂಬೆ, ಅದೇ ವಿನೆಗರ್ ಅನ್ನು ಮಾರ್ಬಲ್ ಮೇಲೆ, ಕಡಪ ಕಲ್ಲಿನ ಕಟ್ಟೆ ಮೇಲೆ, ಶಹಾಬಾದ್ ಕಲ್ಲಿನ ನೆಲದ ಮೇಲೆ ಹಾಕಿದರೆ ಮುಗಿಯಿತು. ಅವೆಲ್ಲ ಸುಣ್ಣದ ಅಂಶದ ಕಲ್ಲುಗಳು, ಹುಳಿ ಅವನ್ನು ತಿನ್ನುತ್ತದೆ. ಹೊಳಪು ಹೋಗಿ ಬಿಳಿಚಿಕೊಂಡ ಜಾಗ ಆಮೇಲೆ ಎಷ್ಟು ಒರೆಸಿದರೂ ಸರಿಯಾಗುವುದಿಲ್ಲ, ಪಾಲಿಶ್‌ನವನನ್ನೇ ಕರೆಸಬೇಕು.

ಜಿಡ್ಡಿಗೆ, ತಳ ಹಿಡಿದ ಹಾಲಿನ ಪಾತ್ರೆಗೆ ಸೋಡಾ. ಪಾತ್ರೆಗೆ ನೀರು ಹಾಕಿ, ಸೋಡಾ ಉದುರಿಸಿ, ಒಂದು ಕುದಿ ಬರಿಸಿ ಬಿಟ್ಟರೆ ಸೀದದ್ದು ತಾನೇ ಎದ್ದು ಬರುತ್ತದೆ. ಉಗುರು ಹಾಕಿ ಕೆರೆಯುವ ಅಗತ್ಯವೇ ಇಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಇದನ್ನು ಮಾಡಬೇಡಿ, ಕರ್ರಗಾಗುತ್ತದೆ. ಚಿಮಣಿಯ ಜಾಲರಿಯನ್ನು ಸೋಡಾ ನೀರಿನಲ್ಲಿ ನೆನೆಹಾಕುವ ಮುಂಚೆಯೂ ಅದು ಯಾವ ಲೋಹದ್ದು ಅಂತ ನೋಡಿಕೊಳ್ಳಿ.

ನಮ್ಮ ಕಾಲದಲ್ಲಿ ಸೋಡಾ ಎಲ್ಲಿತ್ತು? ಸೌದೆ ಒಲೆಯ ಬೂದಿಯನ್ನೇ ಜರಡಿ ಹಿಡಿದು ಡಬ್ಬಿಯಲ್ಲಿ ಇಡುತ್ತಿದ್ದೆವು. ಬೂದಿಯಲ್ಲಿ ಕ್ಷಾರ ಇರುತ್ತದೆ, ಅದು ಎಣ್ಣೆ ಜಿಡ್ಡಿನ ಜೊತೆ ಸೇರಿ ಸೋಪಿನ ಕೆಲಸ ಮಾಡುತ್ತದೆ. ಈಗ ಪ್ಯಾಕೆಟ್ಟಿನಲ್ಲಿ ಬೂದಿ ಮಾರುತ್ತಾರಂತೆ, ಅದನ್ನು ದುಡ್ಡು ಕೊಟ್ಟು ತರಿಸುತ್ತಾರಂತೆ. ಏನು ಹೇಳಲಿ.

ಹಿತ್ತಾಳೆಗೆ ಹುಣಸೆಹಣ್ಣು ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ದೀಪಕ್ಕೆ ಹುಣಸೆ ಸವರಿ ಟಿವಿ ಮುಂದೆ ಹೋಗಿ ಕೂರಬಾರದು. ಹುಳಿ ಜಾಸ್ತಿ ಹೊತ್ತು ಕೂತರೆ ಹಿತ್ತಾಳೆ ಕೆಂಪಗೆ ತಿರುಗುತ್ತದೆ. ಉಜ್ಜಿ, ತಕ್ಷಣ ತೊಳೆದು, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಒದ್ದೆಯಲ್ಲಿ ಬಿಟ್ಟರೆ ಸಂಜೆಯೊಳಗೆ ಚುಕ್ಕೆ ಚುಕ್ಕೆ. ಕಲಾಯಿ ಹಾಕಿಸಿದ ಪಾತ್ರೆಯ ಒಳಗೆ ನಾರು ಹಾಕಿ ತಿಕ್ಕಬೇಡಿ, ಕಲಾಯಿ ಸವೆಯುತ್ತದೆ. ಬೆಳ್ಳಿಗೆ ಹುಣಸೆ ಬೇಡವೇ ಬೇಡ, ಒಣ ವಿಭೂತಿ ಸಾಕು. ಹಾಂ, ಹುಣಸೆ ಕೈಯಲ್ಲಿದೆ ಅಂತ ಕಬ್ಬಿಣದ ದೋಸೆ ಕಾವಲಿಯನ್ನೂ ಉಜ್ಜಿಬಿಟ್ಟೀರಿ! ಪಳಗಿಸಿದ್ದೆಲ್ಲ ಹೋಗಿ ಮಾರನೇ ದಿನ ದೋಸೆ ಏಳುವುದಿಲ್ಲ. ಕಾವಲಿಗೆ ಬಿಸಿ ನೀರು, ಬಟ್ಟೆ, ಆಮೇಲೆ ಒಂದು ತೊಟ್ಟು ಎಣ್ಣೆ. ಅದಕ್ಕಿಂತ ಹೆಚ್ಚಿನ ಉಪಚಾರ ಅದು ಕೇಳುವುದಿಲ್ಲ.

ಈಗ ಅಂಟುವಾಳದ ವಿಷಯ. ಇದೊಂದನ್ನು ಸರಿಯಾಗಿ ಮಾಡಲು ಕಲಿತರೆ ಪಾತ್ರೆ, ರೇಷ್ಮೆ ಸೀರೆ, ಉಣ್ಣೆ ಸ್ವೆಟರು, ಕೊರಳ ಸರ ಎಲ್ಲಕ್ಕೂ ಆಗುತ್ತದೆ. ಸಿಂಥೆಟಿಕ್ ವಾಸನೆ ಇಲ್ಲ, ಕೈ ಒಡೆಯುವುದಿಲ್ಲ. ಆದರೆ ಎಷ್ಟು ಜನ ಕೆಡಿಸುತ್ತಾರೆ ಅಂದರೆ, ಕಾಯನ್ನು ಹಾಗೇ ಬೀಜದ ಸಮೇತ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಕೂಗಿಸಿ, ಮಿಕ್ಸಿಯಲ್ಲಿ ರುಬ್ಬಿ, "ಅಜ್ಜಿ, ಬರೀ ಗಂಜಿ ಆಯಿತು" ಅಂತ ನನ್ನ ಮುಂದೆ ತಂದಿಡುತ್ತಾರೆ. ಗಂಜಿ ಆಗದೆ ಇನ್ನೇನಾಗಬೇಕು?

ಕಾಯನ್ನು ಗ್ರಂಧಿಗೆ ಅಂಗಡಿಯಲ್ಲಿ ನೋಡಿ ತನ್ನಿ. ಸುಕ್ಕುಗಟ್ಟಿರಬೇಕು, ಒಡೆದರೆ ಒಳಗೆ ಅಂಟಂಟು ಇರಬೇಕು. ಪುಡಿ ಪುಡಿಯಾಗಿ ಉದುರುವುದು ಹುಳ ಹಿಡಿದ ಮಾಲು. ತಂದ ಮೇಲೆ ಒಂದು ಬೆಳಗ್ಗೆ ಪೂರ್ತಿ ಒಳ್ಳೆ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಸಿಪ್ಪೆ ತೊಗಲಿನಂತಾಗಿ ಬೀಜ ಬಿಡುವುದೇ ಇಲ್ಲ. ಬಿಸಿಲು ಕಂಡರೆ ಗುಂಡುಕಲ್ಲಿನಲ್ಲಿ ಮೆಲ್ಲಗೆ ಒಂದು ಕುಟ್ಟು ಕುಟ್ಟಿದರೆ ಸಾಕು, ಕರಿ ಬೀಜ ಆಚೆ ಹಾರುತ್ತದೆ. ಎಲ್ಲಾ ಬೀಜ ತೆಗೆಯಿರಿ. ನೊರೆ ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಿ ಏನೂ ಇಲ್ಲ. ನಮ್ಮ ಹಿತ್ತಲಿನ ಮರದಿಂದ ಶಿವರಾತ್ರಿ ಹೊತ್ತಿಗೆ ಕಾಯಿ ಉದುರುತ್ತಿತ್ತು. ದೊಡ್ಡವರು ಸಿಪ್ಪೆ ಬಿಡಿಸುತ್ತಾ ಕೂತರೆ ಮಕ್ಕಳಾದ ನಾವು ಆ ಬೀಜವನ್ನು ಚಪ್ಪಡಿ ಕಲ್ಲಿಗೆ ಗಸಗಸ ಉಜ್ಜಿ, ಬಿಸಿ ಏರಿದ ಮೇಲೆ ಪಕ್ಕದವರ ತೊಡೆಗೆ ತಾಗಿಸಿ ಓಡುತ್ತಿದ್ದೆವು.

ಸಂಜೆ ಹೊತ್ತು ಒಂದು ಹಿಡಿ ಸಿಪ್ಪೆಗೆ ಬಿಸಿ ನೀರು ಹೊಯ್ಯಿರಿ. ಸಿಪ್ಪೆ ಮುಳುಗಿ ಮೇಲೆ ನಾಲ್ಕು ಬೆರಳು ನೀರು ನಿಲ್ಲಬೇಕು. ಪಾತ್ರೆ ದೊಡ್ಡದಿರಲಿ. ಬೆಳಗ್ಗೆ ಅದೇ ನೀರಿನ ಸಮೇತ ಸಣ್ಣ ಉರಿಯಲ್ಲಿ ಇಡಿ. ಮುಚ್ಚಳ ಹಾಕಬೇಡಿ, ಪಕ್ಕದಿಂದ ಆಚೀಚೆ ಹೋಗಲೂ ಬೇಡಿ, ಉಕ್ಕಿ ಒಲೆಯೆಲ್ಲ ಅಂಟಾಗುತ್ತದೆ. ಕೊತಕೊತ ಕುದಿಯಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು. ಸಿಪ್ಪೆಯನ್ನು ಬೆರಳಲ್ಲಿ ಹಿಚುಕಿದರೆ ಮೆತ್ತಗೆ ಸಿಗಬೇಕು, ನೀರು ಡಿಕಾಕ್ಷನ್ ಬಣ್ಣಕ್ಕೆ ಬಂದಿರಬೇಕು. ಆಗ ಇಳಿಸಿ. ಉಗುರು ಬೆಚ್ಚಗಾದ ಮೇಲೆ ಕೈಯಲ್ಲೇ ಕಿವುಚಿ. ಮಿಕ್ಸಿ ಯಾಕೆ ಬೇಡ ಅಂದರೆ, ರುಬ್ಬಿದ ನುಣ್ಣನೆ ತಿರುಳು ಬಟ್ಟೆಯಲ್ಲಿ ಸೋಸಿದರೂ ಇಳಿದುಬಿಡುತ್ತದೆ. ಸೀರೆ ಮೇಲೆ ಕಂದು ಚುಕ್ಕೆ ಕೂರುವುದು ಅದರಿಂದಲೇ. ಹಳೇ ಪಂಚೆಯ ತುಂಡಿನಲ್ಲಿ ಒಂದು ಸಲ ಸೋಸಿ, ನೊರೆ ಇಳಿಯುವವರೆಗೆ ಬಿಟ್ಟು, ಮತ್ತೊಂದು ಸಲ ಸೋಸಿ. ಎರಡನೇ ಸಲದ್ದನ್ನು ತಪ್ಪಿಸುವವರು ನನ್ನ ಹತ್ತಿರ ದೂರು ತರಬೇಡಿ.

ಆಚೆ ಇಟ್ಟರೆ ಎರಡು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ. ಜಾಸ್ತಿ ಮಾಡಿಕೊಂಡರೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಳ್ಳಿ. ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ, ಬೆಳಗಿನ ನಿದ್ದೆಗಣ್ಣಿನವರು ಕಾಫಿಗೆ ಬೆರೆಸಿಯಾರು. ಕಣ್ಣಿಗೆ ಬಿದ್ದರೆ ಸಿಕ್ಕಾಪಟ್ಟೆ ಉರಿ, ಮಕ್ಕಳಿಗೆ ಎಟುಕಬಾರದು. ಮೀನು ಸಾಕಿದವರು ಆ ತೊಟ್ಟಿಯ ಹತ್ತಿರವೂ ಇದನ್ನು ಒಯ್ಯಬೇಡಿ, ಮೀನಿಗೆ ಇದು ವಿಷ.

ರೇಷ್ಮೆ ಸೀರೆಗೆ ಒಂದು ಬಕೆಟ್ ತಣ್ಣೀರಿಗೆ ಅರ್ಧ ಲೋಟ ಬೆರೆಸಿ. ಬಣ್ಣ ಬಿಡುತ್ತದೋ ಅಂತ ಸೆರಗಿನ ಮೂಲೆಯನ್ನು ಮೊದಲು ನೋಡಿ. ಅದ್ದಿ, ಮೆಲ್ಲಗೆ ಆಡಿಸಿ, ಎತ್ತಿ. ಹಿಂಡಬಾರದು, ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ನಮ್ಮತ್ತೆಯ ಮೈಸೂರು ರೇಷ್ಮೆ ಸೀರೆ ಡ್ರೈಕ್ಲೀನಿಂಗ್ ಅಂಗಡಿಯ ಮುಖ ಕಂಡದ್ದಿಲ್ಲ. ಈಗ ನನ್ನ ಸೊಸೆ ಅದನ್ನೇ ಉಡುತ್ತಾಳೆ. ಹೊಸಾ ಬಿಳಿ ಬಟ್ಟೆಗೆ ಮಾತ್ರ ಅಂಟುವಾಳ ಬೇಡ, ಸ್ವಲ್ಪ ಹಳದಿ ಬಣ್ಣ ಹಿಡಿಯುತ್ತದೆ.

ಪಾತ್ರೆಗೆ ಹಾಕಿದಾಗ "ನೊರೆಯೇ ಇಲ್ಲ" ಅಂತ ಇನ್ನಷ್ಟು ಸುರಿಯುವವರಿದ್ದಾರೆ. ಪೇಟೆ ಲಿಕ್ವಿಡ್ಡಿನಷ್ಟು ನೊರೆ ಇದರಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಗಡಸು ನೀರಿನಲ್ಲಿ ಬಟ್ಟೆ ಸೋಪು ಒಡೆದು ಬಿಳಿ ಕಸರು ಕಟ್ಟುತ್ತದೆ, ಅಂಟುವಾಳ ಹಾಗೆ ಕಟ್ಟುವುದಿಲ್ಲ. ಬೋರ್‌ವೆಲ್ ಮನೆಯವರಿಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಹಣ್ಣಿನ ಸಿಪ್ಪೆಯ ಬಯೋಎನ್ಜೈಮ್, ಅಂದರೆ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಹುದುಗಿಸಿದ ಕ್ಲೀನರ್, ಮಾಡುವವರು ಮಾಡಿಕೊಳ್ಳಿ. ಬೆಲ್ಲ 1 ಪಾಲು, ಸಿಪ್ಪೆ 3, ನೀರು 10, ಕಾಯಬೇಕಾದದ್ದು 3 ತಿಂಗಳು. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕಿನದೇ ಇರಲಿ, ಮೇಲೆ ಜಾಗ ಬಿಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸು ಬಿಡಿ. ಅದೂ ಹುಳಿಯೇ, ಮಾರ್ಬಲ್ಲಿನ ಮಾತು ನೆನಪಿರಲಿ.

ಬ್ಲೀಚಿಂಗ್ ಪುಡಿ ಹಾಕಿದ ಬಚ್ಚಲಿಗೆ ನಿಂಬೆ, ವಿನೆಗರ್, ಈ ಎನ್ಜೈಮ್ ಯಾವುದನ್ನೂ ಸುರಿಯಬೇಡಿ, ವಿಷದ ಕ್ಲೋರಿನ್ ಗ್ಯಾಸು ಏಳುತ್ತದೆ. ಹಾಗಂತ ಬ್ಲೀಚಿಂಗ್ ಪುಡಿಯನ್ನು ಮನೆಯಿಂದ ಆಚೆ ಹಾಕಬೇಕಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ ಕಕ್ಕಸು ತೊಳೆಯಲು ಅದೇ ಬೇಕು, ಅಂಟುವಾಳ ಹಿಡಿದುಕೊಂಡು ಹೋಗಬೇಡಿ. ಕಿವುಚಿ ಉಳಿದ ಅಂಟುವಾಳದ ಚರಟವನ್ನು ಎಸೆಯುವುದೂ ಬೇಡ. ಅದರಲ್ಲೇ ಬಚ್ಚಲ ಕಲ್ಲನ್ನು ಒಂದು ಸಲ ತಿಕ್ಕಿ, ಆಮೇಲೆ ಒಯ್ದು ಗೊಬ್ಬರದ ಗುಂಡಿಗೆ ಹಾಕಿ.