ಯಾವ ಕ್ಷಣದಲ್ಲೂ ಬಿಟ್ಟೇಳಬಹುದಾದ ಕೆಲಸ: ಚೂರುಬಟ್ಟೆಯ ಕೌದಿ, ಕಿಟಕಿಯ ಕುಂಡ

ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ಮನೆಯಲ್ಲೇ ನೋಡಿಕೊಳ್ಳುವವರಿಗೆ ಬಿಡುವೇ ಇರುವುದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಬಿಡುವು ಇರುತ್ತದೆ, ಆದರೆ ತುಂಡುತುಂಡಾಗಿ. ಮಾತ್ರೆ ಕೊಟ್ಟಾದ ಮೇಲೆ ಹದಿನೈದು ನಿಮಿಷ, ಮಧ್ಯಾಹ್ನದ ನಿದ್ದೆ ಹತ್ತಿದಾಗ ಇಪ್ಪತ್ತು ನಿಮಿಷ. ಕರೆ ಯಾವಾಗ ಬರುತ್ತದೋ ಹೇಳಲಾಗದು. ಆದ್ದರಿಂದ ಇಂಥವರು ಆರಿಸಿಕೊಳ್ಳುವ ಹವ್ಯಾಸ ಹತ್ತು ಸೆಕೆಂಡಿನಲ್ಲಿ ಕೆಳಗಿಟ್ಟು ಎದ್ದು ಹೋಗುವಂತಿರಬೇಕು, ಮೂರು ದಿನ ಮುಟ್ಟದಿದ್ದರೂ ಕೆಡಬಾರದು, ಕಿವಿಯನ್ನು ಕಟ್ಟಿಹಾಕಬಾರದು.

ಕೈಹೊಲಿಗೆಯ ಕೌದಿ ಈ ಮೂರಕ್ಕೂ ಒಗ್ಗುತ್ತದೆ. ಹೊಲಿಗೆ ಯಂತ್ರ ಒಗ್ಗುವುದಿಲ್ಲ. ಅದರ ಸದ್ದಿನಲ್ಲಿ ಪಕ್ಕದ ಕೋಣೆಯ ಕ್ಷೀಣ ದನಿ ಕೇಳಿಸದು, ಹರಡಿದ್ದನ್ನು ಮತ್ತೆ ಎತ್ತಿಡುವುದರಲ್ಲೇ ಬಿಡುವು ಮುಗಿದುಹೋಗುತ್ತದೆ. ಕಿಟಕಿಯ ಕುಂಡಗಳೂ ಒಗ್ಗುತ್ತವೆ, ಆದರೆ ಎಚ್ಚರ ಬೇಕು. ನಾಲ್ಕೈದು ಕುಂಡಗಳಾದರೆ ಸಮಾಧಾನ. ಇಪ್ಪತ್ತಾದರೆ ನೋಡಿಕೊಳ್ಳಬೇಕಾದ ಇನ್ನೊಂದು ಜೀವ ಮನೆಯಲ್ಲಿ ಸೇರಿದಂತೆ.

ಯಾವ ಬಟ್ಟೆ

ನೇಯ್ದ ಹತ್ತಿ ಬಟ್ಟೆಯನ್ನೇ ಆರಿಸಿ: ಹಳೆಯ ಅಂಗಿ, ಬೆಡ್‌ಶೀಟ್, ದಿಂಬಿನ ಕವರ್. ಟೀ ಶರ್ಟಿನಂಥ ಹಿಗ್ಗುವ ಬಟ್ಟೆ ಹೊಲಿಯುವಾಗಲೇ ಆಕಾರ ಕೆಡಿಸಿಕೊಳ್ಳುತ್ತದೆ, ಪಕ್ಕದ ತುಂಡನ್ನೂ ಎಳೆದು ಸೊಟ್ಟ ಮಾಡುತ್ತದೆ. ಸವೆದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎರಡೂ ಹೆಬ್ಬೆರಳಿನಿಂದ ಜಗ್ಗಿ. ಚರ್ರೆಂದರೆ ಅದು ಒರೆಸುವ ಬಟ್ಟೆಯೇ ಹೊರತು ಕೌದಿಗಲ್ಲ. ಒಂದು ತುಂಡು ಹರಿದರೆ ಸುತ್ತಲಿನ ನಾಲ್ಕನ್ನು ಬಿಚ್ಚಬೇಕಾಗುತ್ತದೆ.

ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿ. ಕಡು ಕೆಂಪು, ನೀಲಿ, ಕಪ್ಪು ಬಟ್ಟೆಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಅಂಟಿದರೆ ಇನ್ನೊಮ್ಮೆ ಒಗೆಯಿರಿ, ಆಗಲೂ ಬಿಟ್ಟರೆ ಪಕ್ಕಕ್ಕಿಡಿ. ಹಾಸಿಗೆ ಹಿಡಿದವರ ಕೌದಿ ಪದೇಪದೇ ಬಿಸಿನೀರಿನ ಒಗೆತಕ್ಕೆ ಬೀಳುತ್ತದೆ. ಬಣ್ಣ ಬಿಡುವ ಒಂದೇ ತುಂಡು ಮೊದಲ ಒಗೆತದಲ್ಲೇ ಉಳಿದೆಲ್ಲವನ್ನೂ ಹಾಳುಮಾಡುತ್ತದೆ.

ಕಾಯಿಲೆಯವರ ಅಂಗಿಯನ್ನೇ ಕತ್ತರಿಸುವ ಆಸೆಯಿದ್ದರೆ ಅವರನ್ನು ಕೇಳಿ. ಮರೆವಿನ ಕಾಯಿಲೆ ಇದ್ದವರ ಎದುರು ಅವರ ಬಟ್ಟೆಗೆ ಕತ್ತರಿ ಹಾಕಲೇಬೇಡಿ. ತಮ್ಮದನ್ನು ಯಾರೋ ಹಾಳುಮಾಡುತ್ತಿದ್ದಾರೆ ಎಂಬ ದಿಗಿಲು ಅವರಿಗೆ ಹುಟ್ಟಬಹುದು.

ಅಳತೆ ಮತ್ತು ಕತ್ತರಿಕೆ

ಮೊದಲ ಸಲಕ್ಕೆ 90 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ ಸಾಕು. ಕುರ್ಚಿಯಲ್ಲಿ ಕೂತವರ ಮಡಿಲು, ಕಾಲು ಮುಚ್ಚುತ್ತದೆ. ಗಾಲಿಕುರ್ಚಿ ಬಳಸುವವರಾದರೆ ಅಂಚುಗಳನ್ನು ತೊಡೆಯ ಅಡಿಗೆ ಸಿಕ್ಕಿಸಿ. ಇಳಿಬಿದ್ದ ಬಟ್ಟೆ ಗಾಲಿಗೆ ಸುತ್ತಿಕೊಳ್ಳುತ್ತದೆ.

ದಪ್ಪ ರಟ್ಟಿನಲ್ಲಿ ಎರಡು ಚೌಕ ಮಾಡಿಕೊಳ್ಳಿ, ಒಂದು 11.2 ಸೆಂ.ಮೀ., ಇನ್ನೊಂದು 10 ಸೆಂ.ಮೀ. ದೊಡ್ಡದು ಕತ್ತರಿಸುವ ಗೆರೆಗೆ. ಚಿಕ್ಕದನ್ನು ತುಂಡಿನ ಹಿಂಬದಿಯ ನಡುವೆ ಇಟ್ಟು ಪೆನ್ಸಿಲಿನಿಂದ ಹೊಲಿಗೆಯ ಗೆರೆ ಎಳೆಯಿರಿ. ಸುತ್ತ 6 ಮಿ.ಮೀ. ಅಂಚು ಉಳಿಯುತ್ತದೆ. ಈ ಗೆರೆ ಇದ್ದರೆ ಕಣ್ಣು ದಣಿದ ದಿನವೂ ಹೊಲಿಗೆ ಸೊಟ್ಟಗಾಗದು. ಚೌಕದ ಬದಿಗಳು ನೇಯ್ಗೆಯ ಎಳೆಗೆ ಸಮನಾಗಿರಲಿ, ಓರೆಯಾಗಿ ಕತ್ತರಿಸಿದ ಅಂಚು ಹಿಗ್ಗುತ್ತದೆ.

ಒಟ್ಟು 108 ಚೌಕ ಬೇಕು. ದೊಡ್ಡವರ ಅಂಗಿಯ ಬೆನ್ನಿನ ಭಾಗದಲ್ಲೇ ಹದಿನಾರರಷ್ಟು ಸಿಗುತ್ತವೆ. ಹರಡಿಕೊಂಡು ಕೂರಬೇಕಾದ, ಹರಿತವಾದ ಕತ್ತರಿ ಬೇಕಾದ ಕೆಲಸ ಇದು. ಮನೆಯಲ್ಲಿ ಇನ್ನೊಬ್ಬರಿರುವ ದಿನ ಇದನ್ನು ಒಮ್ಮೆಲೇ ಮುಗಿಸಿಬಿಡಿ.

ನಂತರ ಒಂಬತ್ತೊಂಬತ್ತು ಚೌಕಗಳನ್ನು ಒಂದೊಂದು ಚೀಲಕ್ಕೆ ಹಾಕಿ, ಹನ್ನೆರಡು ಚೀಲ ಮಾಡಿ. ಪ್ರತಿ ಚೀಲದಲ್ಲೂ ತಿಳಿ ಬಣ್ಣ ನಾಲ್ಕು, ಗಾಢ ಬಣ್ಣ ಐದು ಇದ್ದರೆ ಆ ಒಂಬತ್ತನ್ನು ಚದುರಂಗದ ಮಣೆಯಂತೆ ಜೋಡಿಸಬಹುದು, ಆಮೇಲೆ ಬಣ್ಣದ ಯೋಚನೆಯೇ ಬೇಡ. ಅರ್ಧ ನಿದ್ದೆಗೆಟ್ಟ ತಲೆಗೆ ಹೊಲಿಯುವುದು ಕಷ್ಟವಲ್ಲ, ಆರಿಸುವುದು ಕಷ್ಟ.

ಈ ವಿಂಗಡಣೆಯಲ್ಲಿ ಸಂಗಾತಿಯನ್ನೂ ಸೇರಿಸಿಕೊಳ್ಳಬಹುದು. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರು ಇನ್ನೊಂದರಿಂದ ತಿಳಿ-ಗಾಢ ಎಂದು ಬೇರೆ ಮಾಡಬಲ್ಲರು. ಮರೆವು ಹೆಚ್ಚಿದ್ದರೆ ಹತ್ತು ಹನ್ನೆರಡು ಚೌಕ ಮಾತ್ರ ಮುಂದಿಡಿ. ತಪ್ಪಾಗಿ ವಿಂಗಡಿಸಿದರೆ ತಿದ್ದಬೇಡಿ. ಕೌದಿಗೆ ಅದರಿಂದ ನಷ್ಟವೇನಿಲ್ಲ.

ಹೊಲಿಗೆ

40ನೇ ನಂಬರಿನ ಹತ್ತಿ ದಾರ, ಚಿಕ್ಕ ಗಟ್ಟಿ ಸೂಜಿ, ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೋಪಿ). ದಾರ 45 ಸೆಂ.ಮೀ.ಗಿಂತ ಉದ್ದ ಬೇಡ, ಉದ್ದವಾದಷ್ಟೂ ಗಂಟಾಗುತ್ತದೆ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಸವೆಯುತ್ತದೆ. ಬೆಳಿಗ್ಗೆಯೇ ಐದು ಸೂಜಿಗೆ ದಾರ ಪೋಣಿಸಿಟ್ಟರೆ ಸಂಜೆಯ ಮಂದ ಬೆಳಕಿನಲ್ಲಿ ಪರದಾಡಬೇಕಿಲ್ಲ.

ಎರಡು ಚೌಕಗಳನ್ನು ಒಳ್ಳೆಯ ಮುಖ ಒಳಗೆ ಬರುವಂತೆ ಸೇರಿಸಿ, ಗೆರೆಯ ಎರಡು ತುದಿಗೆ ಪಿನ್ ಚುಚ್ಚಿ, 2ರಿಂದ 3 ಮಿ.ಮೀ. ಉದ್ದದ ರನ್ನಿಂಗ್ ಹೊಲಿಗೆ (ಸೂಜಿ ಒಳಗೆ ಹೊರಗೆ ಹೋಗುತ್ತ ಮುಂದೆ ಸಾಗುವ ನೇರ ಹೊಲಿಗೆ) ಹಾಕಿ. ಪ್ರತಿ ನಾಲ್ಕೈದು ಹೊಲಿಗೆಗೆ ಒಮ್ಮೆ ಸೂಜಿಯನ್ನು ಹಿಂದಕ್ಕೆ ಹಾಕಿ ಅದೇ ಜಾಗದಲ್ಲಿ ಮತ್ತೆ ಎಳೆಯಿರಿ. ಇಂಥ ಕೆಲಸಕ್ಕೆ ಈ ಹಿಂಹೊಲಿಗೆ ಬಹಳ ಮುಖ್ಯ. ಅರ್ಧದಲ್ಲಿ ಎದ್ದು ಹೋದರೂ ಅಲ್ಲಿಯವರೆಗಿನದು ಸಡಿಲವಾಗದು. ದಾರ ಬಿಗಿಯಾಗಿ ಎಳೆದರೆ ಬಟ್ಟೆ ನೆರಿಗೆಗಟ್ಟುತ್ತದೆ. ಹೊಲಿದ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಸವರಿ ಸಮ ಮಾಡಿ.

ಒಂದು ಸಾಲಿಗೆ ಮೂರು ಚೌಕ, ಮೂರು ಸಾಲು ಸೇರಿದರೆ ಒಂದು ಬ್ಲಾಕ್. ಮೊದಲ ಮತ್ತು ಮೂರನೇ ಸಾಲಿನ ಹೊಲಿಗೆ ಅಂಚುಗಳನ್ನು ಬಲಕ್ಕೆ, ನಡುವಿನದನ್ನು ಎಡಕ್ಕೆ ಮಡಿಚಿ ಇಸ್ತ್ರಿ ಮಾಡಿ. ಆಗ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಗಂಟಿನಂತೆ ದಪ್ಪವಾಗುವುದಿಲ್ಲ. ಮುಗಿದ ಬ್ಲಾಕ್ ಅಂಚು ಸೇರಿ 31.2 ಸೆಂ.ಮೀ. ಇರಬೇಕು. ಮೊದಲನೆಯದನ್ನು ಅಳೆಯದೆ ಎರಡನೆಯದಕ್ಕೆ ಹೋಗಬೇಡಿ. ಪ್ರತಿ ಹೊಲಿಗೆಯಲ್ಲೂ ಒಂದು ಮಿ.ಮೀ. ಒಳಗೆ ಸರಿದರೂ ಬ್ಲಾಕ್ ಅರ್ಧ ಸೆಂಟಿಮೀಟರಿನಷ್ಟು ಕುಗ್ಗಿ, ಕೊನೆಗೆ ಯಾವ ಮೂಲೆಯೂ ಕೂಡುವುದಿಲ್ಲ.

ಮಡಿಲಲ್ಲೇ ಮುಗಿಸುವ ವಿಧಾನ

ಸಾಮಾನ್ಯವಾಗಿ ಇಡೀ ಮೇಲುಪದರ ಹೊಲಿದು, ನೆಲದ ಮೇಲೆ ಹರಡಿ, ಅಡಿಬಟ್ಟೆ, ಒಳಪದರ, ಮೇಲುಪದರ ಎಂಬ ಮೂರು ಪದರ ಸೇರಿಸಿ ಹೊಲಿಯುತ್ತಾರೆ. ಅದಕ್ಕೆ ನೆಲ ಬೇಕು, ಮಂಡಿ ಬೇಕು, ಎಡೆಬಿಡದ ಎರಡು ಗಂಟೆ ಬೇಕು. ಆರೈಕೆಯಲ್ಲಿರುವವರು ಒಂದೊಂದೇ ಬ್ಲಾಕನ್ನು ಪೂರ್ತಿ ಮುಗಿಸುತ್ತ ಹೋಗುವುದು ಲೇಸು.

ಪ್ರತಿ ಬ್ಲಾಕಿಗೆ 33 ಸೆಂ.ಮೀ. ಚೌಕದ ಅಡಿಬಟ್ಟೆ, 30 ಸೆಂ.ಮೀ. ಚೌಕದ ಒಳಪದರ ಕತ್ತರಿಸಿ. ಒಳಪದರಕ್ಕೆ ಒಗೆದು ಹಳತಾದ ತೆಳು ಹತ್ತಿ ಹೊದಿಕೆ ಸಾಕು. ಹೊಸ ಹತ್ತಿ ಪದರವಾದರೆ ಮೊದಲ ಒಗೆತಕ್ಕೆ ಕುಗ್ಗುತ್ತದೆಂದು ನೆನಪಿರಲಿ. ಮೂರನ್ನೂ ನಡುಮಧ್ಯಕ್ಕೆ ಸರಿಯಾಗಿ ಒಂದರ ಮೇಲೊಂದು ಇಟ್ಟು, ದೊಡ್ಡ ಹೊಲಿಗೆಗಳಿಂದ ತಾತ್ಕಾಲಿಕವಾಗಿ ಕಟ್ಟಿ. ಆಮೇಲೆ ದಪ್ಪ ದಾರದಲ್ಲಿ 5 ಮಿ.ಮೀ. ರನ್ನಿಂಗ್ ಹೊಲಿಗೆಯಿಂದ, ಚೌಕಗಳ ಕೂಡುಗೆರೆಯ ಪಕ್ಕದಲ್ಲೇ, ನಡುವಿನಿಂದ ಹೊರಕ್ಕೆ ಹೊಲಿಯಿರಿ. ಹೊರಗಿನಿಂದ ಒಳಕ್ಕೆ ಬಂದರೆ ಹೆಚ್ಚುವರಿ ಬಟ್ಟೆ ಮಧ್ಯದಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ನಾಲ್ಕೂ ಅಂಚಿಗೆ 2.5 ಸೆಂ.ಮೀ. ದೂರದಲ್ಲೇ ಹೊಲಿಗೆ ನಿಲ್ಲಿಸಿ, ಜೋಡಿಸಲು ಆ ಜಾಗ ಬೇಕು.

ಎರಡು ಬ್ಲಾಕ್ ಜೋಡಿಸುವಾಗ ಮೇಲುಬಟ್ಟೆಗಳನ್ನಷ್ಟೇ 6 ಮಿ.ಮೀ. ಅಂಚಿನಲ್ಲಿ ಹೊಲಿಯಿರಿ. ಮಗುಚಿ ಇಟ್ಟರೆ ಒಳಪದರಗಳು ಅಂಚಿಗೆ ಅಂಚು ತಾಗಿ ಕೂರುತ್ತವೆ. ಒಂದರ ಮೇಲೊಂದು ಏರಿದರೆ ಕತ್ತರಿಸಿ ಸಮ ಮಾಡಿ. ಒಂದು ಬದಿಯ ಅಡಿಬಟ್ಟೆ ಚಪ್ಪಟೆಯಾಗಿರಲಿ. ಇನ್ನೊಂದರ ಅಂಚನ್ನು 7 ಮಿ.ಮೀ. ಒಳಮಡಿಚಿ ಅದರ ಮೇಲೆ ಕೂರಿಸಿ, ಮಡಿಕೆಯೊಳಗೆ ಸೂಜಿ ಓಡಿಸಿ ಕಾಣದ ಹೊಲಿಗೆ ಹಾಕಿ. ಮೂರು ಬ್ಲಾಕ್ ಅಗಲಕ್ಕೆ, ನಾಲ್ಕು ಉದ್ದಕ್ಕೆ.

ಹೊರ ಅಂಚಿನ ಅಡಿಬಟ್ಟೆಯನ್ನು ಮೇಲುಬಟ್ಟೆಯ ಸಮಕ್ಕೆ ಕತ್ತರಿಸಿ. ಅಂಚುಪಟ್ಟಿಗೆ 6 ಸೆಂ.ಮೀ. ಅಗಲದ ಪಟ್ಟಿಗಳನ್ನು ಜೋಡಿಸಿ ಒಟ್ಟು 450 ಸೆಂ.ಮೀ. ಮಾಡಿ, ಉದ್ದಕ್ಕೆ ಅರ್ಧ ಮಡಿಚಿ, ಮುಂಭಾಗಕ್ಕೆ ಹೊಲಿದು ಹಿಂದಕ್ಕೆ ತಿರುಗಿಸಿ ಹೊಲಿಯಿರಿ.

ಹೊದೆಯಲು ಮಾತ್ರ, ಹಾಸಲು ಅಲ್ಲ. ಮಲಗಿದಲ್ಲೇ ಇರುವವರ ಮೈಯಡಿ ಹೊಲಿಗೆಯ ಉಬ್ಬು, ಗಂಟು ಬಂದರೆ ಚರ್ಮದ ಮೇಲೆ ಒತ್ತಡ ಬಿದ್ದು ಹುಣ್ಣಾಗಬಹುದು. ಪಾದದ ಮೇಲೂ ಭಾರದ ಕೌದಿ ಬೇಡ.

ಸೂಜಿಯ ಲೆಕ್ಕ

ಹೊಲಿಯುವ ಡಬ್ಬಿಯ ಮುಚ್ಚಳದ ಮೇಲೆ ಸೂಜಿ ಎಷ್ಟು, ಪಿನ್ ಎಷ್ಟು ಎಂದು ಬರೆದಿಡಿ. ಏಳುವಾಗ ಎಣಿಸಿ. ಒಂದು ಕಡಿಮೆಯಾದರೆ ಅಯಸ್ಕಾಂತ ಹಿಡಿದು ಹುಡುಕುವವರೆಗೆ ಬೇರೆ ಕೆಲಸ ಬೇಡ. ಪಾದಕ್ಕೆ ಸ್ಪರ್ಶವಿಲ್ಲದ ಮಧುಮೇಹಿಗಳಿಗೆ, ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ನೆಲದ ಮೇಲಿನ ಒಂದು ಸೂಜಿ ದೊಡ್ಡ ಅಪಾಯ. ಅವರ ಹಾಸಿಗೆಯ ಮೇಲೆ ಕೂತು ಹೊಲಿಯಬೇಡಿ, ಪಕ್ಕದ ಕುರ್ಚಿ ಇರಲಿ. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಹಂತದ ಮರೆವಿದ್ದರೆ ಗುಂಡಿ, ದಾರದುಂಡೆ ಎಲ್ಲವೂ ಬೀಗದೊಳಗೆ.

ಕುಂಡಗಳು

ಮೇಲ್ಭಾಗ 25 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ, ತಳದಲ್ಲಿ ತೂತುಗಳಿರುವ ನಾಲ್ಕು ಕುಂಡ. ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಗೊಬ್ಬರದ ಚೀಲವನ್ನು ಮುಖದಿಂದ ದೂರ ಹಿಡಿದು ತೆರೆಯಿರಿ, ಮಾಸ್ಕ್ ಹಾಕಿ, ನೀರು ಚಿಮುಕಿಸಿ ದೂಳು ಏಳದಂತೆ ಮಾಡಿ, ಮುಗಿದ ಮೇಲೆ ಕೈ ತೊಳೆಯಿರಿ. ಮಣ್ಣು-ಗೊಬ್ಬರದಲ್ಲಿ ಶ್ವಾಸಕೋಶಕ್ಕೆ ಇಳಿದರೆ ಕಾಡುವ ಶಿಲೀಂಧ್ರ, ಬ್ಯಾಕ್ಟೀರಿಯಾ ಇರಬಹುದು. ಸಂಗಾತಿಗೆ ಕಿಮೊಥೆರಪಿ ನಡೆಯುತ್ತಿದ್ದರೆ ಅಥವಾ ಅಂಗ ಕಸಿಯಾಗಿದ್ದರೆ ಕುಂಡಗಳು ಅವರ ಕೋಣೆಯಲ್ಲಿ ಬೇಡ, ಕಿಟಕಿಯ ಹೊರಗಿರಲಿ. ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಬೇಗ ಫಲ ಕಾಣುವ ಗಿಡ ಹಾಕಿ. ಮೆಂತ್ಯ ಐದು ದಿನದೊಳಗೆ ಮೊಳೆತು, ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಪುದೀನದ 10 ಸೆಂ.ಮೀ. ಕಡ್ಡಿಯ ಕೆಳಗಿನ ಎಲೆ ತೆಗೆದು ನೀರಿನಲ್ಲಿಟ್ಟರೆ ಎರಡು ವಾರದೊಳಗೆ ಬೇರು. ಅದಕ್ಕೆ ಪ್ರತ್ಯೇಕ ಕುಂಡ ಕೊಡಿ, ಇಲ್ಲವೆಂದರೆ ಬೇರೆಯದನ್ನು ನುಂಗಿಬಿಡುತ್ತದೆ. ಚೆಂಡುಹೂ ಬೀಜದಿಂದ ಹೂವಿಗೆ ಸುಮಾರು ಎರಡು ತಿಂಗಳು. ಮಾತು ಕಡಿಮೆಯಾದವರ ಅಂಗೈಯಲ್ಲಿ ಪುದೀನ ಎಲೆ ಹೊಸಕಿಟ್ಟು ನೋಡಿ. ಎಷ್ಟೋ ಸಲ ವಾಸನೆ ತಲುಪುತ್ತದೆ. ಕಣಗಿಲೆ ಬೇಡವೇ ಬೇಡ, ಅದರ ಎಲ್ಲ ಭಾಗವೂ ವಿಷ. ಮನಿಪ್ಲಾಂಟ್ ಎಲೆ ಜಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ.

ಈ ಕುಂಡಗಳು ಸಾಯುವುದು ಹೆಚ್ಚಾಗಿ ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಬೆರಳನ್ನು 2-3 ಸೆಂ.ಮೀ. ಒಳಗಿಳಿಸಿ, ಒಣಗಿದ್ದರೆ ಮಾತ್ರ ತಳದಿಂದ ಇಳಿಯುವಷ್ಟು ಹಾಕಿ. ಕೆಳಗಿನ ಎಲೆ ಹಳದಿಯಾಗಿ ಮಣ್ಣು ಒದ್ದೆಯಿದ್ದರೆ ಬೇರು ಕೊಳೆಯುತ್ತಿದೆ ಎಂದೇ ಲೆಕ್ಕ. ಸಸಿ ಸಣಕಲಾಗಿ ಉದ್ದಕ್ಕೆ ಹೋದರೆ ಬೆಳಕು ಸಾಲದು, ನಾಲ್ಕೈದು ಗಂಟೆ ಬಿಸಿಲು ಬೀಳುವ ಕಡೆ ಸರಿಸಿ.

ಆಸ್ಪತ್ರೆಗೆ ಓಡಬೇಕಾದ ದಿನಗಳಿಗೆ ಕೌದಿಯ ಚೂರುಗಳೇ ಉಪಯೋಗಕ್ಕೆ ಬರುತ್ತವೆ. 3 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಪಟ್ಟಿಯನ್ನು ಹುರಿ ಮಾಡಿ, ನೆನೆಸಿ, ಒಂದು ತುದಿಯನ್ನು ಮಣ್ಣಿನೊಳಗೆ 8 ಸೆಂ.ಮೀ. ಹೂಳಿ, ಇನ್ನೊಂದನ್ನು ಪಕ್ಕದ ನೀರಿನ ಪಾತ್ರೆಯ ತಳಕ್ಕೆ ಇಳಿಬಿಡಿ. ಪಾತ್ರೆಯ ನೀರಿನ ಮಟ್ಟ ಕುಂಡದ ಮಣ್ಣಿಗಿಂತ ಎತ್ತರವಿದ್ದರೆ ನೀರು ನಿಲ್ಲದೆ ಹರಿದು ಕೊಚ್ಚೆಯಾಗುತ್ತದೆ, ಕೆಳಗಿರಲಿ. ನಡೆದಾಡುವ ದಾರಿಯಲ್ಲಿ ಕುಂಡ, ಪಾತ್ರೆ ಯಾವುದೂ ಬೇಡ.

ನಿಂತುಹೋದಾಗ

ವಾರಗಟ್ಟಲೆ ಸೂಜಿ ಮುಟ್ಟಲಾಗದ ಕಾಲ ಬಂದೇ ಬರುತ್ತದೆ. ಕೌದಿ ಬೇಸರವೆನಿಸಿದರೆ, ಬಿಡುವಿದ್ದರೂ ಕೈ ಹೋಗದಿದ್ದರೆ, ರಾತ್ರಿ ನಿದ್ದೆಯೂ ಬಾರದಿದ್ದರೆ ಕೊರತೆ ಹವ್ಯಾಸದ್ದಲ್ಲ, ವಿಶ್ರಾಂತಿಯದು. ಅದಕ್ಕೆ ವಾರಕ್ಕೆ ಕೆಲವು ಗಂಟೆ ಆರೈಕೆ ವಹಿಸಿಕೊಳ್ಳುವ ಇನ್ನೊಬ್ಬರು ಬೇಕು, ವೈದ್ಯರೊಂದಿಗೆ ಮಾತು ಬೇಕು. ಹೊಲಿಗೆ ಅದರ ಬದಲಿಯಾಗದು. ಒಣಗಿದ ಕುಂಡ ಖಾಲಿ ಮಾಡಿ ಮಗುಚಿಡಿ. ಕೌದಿಯಿಂದ ಸೂಜಿ, ಪಿನ್ ಎಲ್ಲ ತೆಗೆಯಿರಿ, ಬಟ್ಟೆಯಲ್ಲೇ ಉಳಿದರೆ ತುಕ್ಕಿನ ಕಲೆ ಕೂರುತ್ತದೆ, ಮತ್ತೆ ಹೋಗುವುದಿಲ್ಲ. ಬ್ಲಾಕುಗಳನ್ನು ಮಡಿಚದೆ ಚಪ್ಪಟೆಯಾಗಿ ಇಟ್ಟು, ಮುಂದಿನ ಹೊಲಿಗೆ ಎಲ್ಲಿಂದ ಎಂದು ಒಂದು ಚೀಟಿ ಬರೆದು ಆ ಚೀಲದೊಳಗೇ ಹಾಕಿ.