25 ಡಾಲರಿನ ಕೂಪನ್ 10ಕ್ಕೆ ಸಿಕ್ಕಾಗ

ಅಮೆರಿಕಕ್ಕೆ ಬಂದ ಹೊಸತರಲ್ಲಿ ಹೋಟೆಲ್ ಬಿಲ್ ಬಂದಾಗೆಲ್ಲ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕುತ್ತೀರಿ. ನಾವೆಲ್ಲ ಹಾಕಿದವರೇ ಬಿಡಿ. ಅಂಥ ಹೊತ್ತಿನಲ್ಲಿ 25 ಡಾಲರಿನ ಗಿಫ್ಟ್ ಸರ್ಟಿಫಿಕೇಟ್, ಅಂದರೆ ಹೋಟೆಲ್ ಬಿಲ್ಲಿನಲ್ಲಿ 25 ಕಳೆಯುವ ಕೂಪನ್, 10ಕ್ಕೆ ಸಿಗುತ್ತದೆ ಅಂದರೆ ಕೈ ಸುಮ್ನಿರೋದಿಲ್ಲ. ರೆಸ್ಟೋರೆಂಟ್.ಕಾಮ್‌ನಂಥ ಸೈಟುಗಳು ಮಾರುವುದು ಇದನ್ನೇ. ಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಊಟಕ್ಕೆ ಎಷ್ಟು ಜನ ಅಂತ ಮೊದಲು ಎಣಿಸಿ.

ಯಾಕೆಂದರೆ ಬಹಳಷ್ಟು ಸರ್ಟಿಫಿಕೇಟುಗಳಲ್ಲಿ ಬಿಲ್ ಕನಿಷ್ಠ ಇಷ್ಟು ಆಗಲೇಬೇಕು ಎಂಬ ಷರತ್ತಿರುತ್ತದೆ. ನಾನೂ ಹೆಂಡತಿಯೂ ಮೊದಲ ಸಲ ಸನಿವೇಲ್‌ನ ಒಂದು ಥಾಯ್ ಹೋಟೆಲಿಗೆ ಹೋದೆವು. ನಮ್ಮ ಹಸಿವು 30 ಡಾಲರಿನದು, ಷರತ್ತು 50ರದು. ಬೇಡದ ನೂಡಲ್ಸ್, ಬೇಡದ ಸಿಹಿ ಎಲ್ಲ ಹೇಳಿ 50 ಮುಟ್ಟಿಸಿದೆವು. ಟ್ಯಾಕ್ಸ್ ಬಿಟ್ಟು ಲೆಕ್ಕ ನೋಡಿ. ಕೂಪನ್ ಕಳೆದು 25, ಟಿಪ್ 10, ಕೂಪನ್ನಿಗೆ ಕೊಟ್ಟಿದ್ದು 10, ಒಟ್ಟು 45. ಕೂಪನ್ ಇಲ್ಲದೆ ಹಸಿವಾದಷ್ಟೇ ತಿಂದಿದ್ದರೆ ಟಿಪ್ ಸೇರಿ 36ಕ್ಕೆ ಮುಗಿಯುತ್ತಿತ್ತು. ಮಾರನೇ ದಿನ ತಿಂಡಿಗೂ ನೂಡಲ್ಸ್! ಅದೇ ನಾಲ್ಕು ಜನ ಹೋಗಿ 60ರ ಊಟ ಮಾಡಿದರೆ 72ರ ಬದಲು 57ಕ್ಕೆ ಆಗುತ್ತದೆ. ಅದು ಲಾಭ.

ಟಿಪ್ 10 ಹೇಗೆ ಬಂತು ಅಂದಿರಾ? 50ರ ಶೇಕಡಾ 20. ಇಲ್ಲಿ ಟಿಪ್ ಕೊಡುವುದು ರಿಯಾಯಿತಿ ಕಳೆಯುವ ಮುಂಚಿನ ಮೊತ್ತದ ಮೇಲೆ. ಬಡಿಸಿದವರು ಅರ್ಧ ಕೆಲಸ ಮಾಡಿಲ್ಲವಲ್ಲ. ಕೂಪನ್ ತಂದವರ ಬಿಲ್ಲಿಗೆ ಕೆಲವು ಕಡೆ ಶೇಕಡಾ 18 ಗ್ರಾಚ್ಯುಯಿಟಿ, ಅಂದರೆ ಟಿಪ್, ಮೊದಲೇ ಸೇರಿಸಿರುತ್ತಾರೆ. ನಮ್ಮೂರಲ್ಲಿ ಗ್ರಾಚ್ಯುಯಿಟಿ ಅಂದರೆ ಕೆಲಸ ಬಿಟ್ಟಾಗ ಕೈಗೆ ಬರುವ ದುಡ್ಡು. ಇಲ್ಲಿ ಕೈಯಿಂದ ಹೋಗುವುದು! ನೋಡದೆ ಎರಡು ಸಲ ಕೊಟ್ಟುಬಿಡಬೇಡಿ.

ಸಣ್ಣಕ್ಷರದಲ್ಲಿ ಬರೆದಿದ್ದನ್ನು ಕೊಳ್ಳುವ ಮೊದಲೇ ಓದಿ. ಪಾರ್ಸೆಲ್‌ಗೆ ಇಲ್ಲ, ಬಿಯರ್‌ಗೆ ಇಲ್ಲ, ಒಂದು ಟೇಬಲ್ಲಿಗೆ ಒಂದೇ, ಹೀಗೆಲ್ಲ ಇರುತ್ತದೆ. ಒಂದು ಶನಿವಾರ ಸ್ನೇಹಿತನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ, ಊಟವಾದ ಮೇಲೆ ಕೂಪನ್ ತೆಗೆದೆ. ವೀಕೆಂಡಿನಲ್ಲಿ ನಡೆಯೋದಿಲ್ಲ ಅಂದರು. ಹಿರಿಯರೆದುರು ವಾದ ಮಾಡಲಾಗದೆ ಪೂರ್ತಿ ಬಿಲ್ ಕೊಟ್ಟೆ. ಈಗ ಮೊದಲು ಫೋನ್ ಮಾಡಿ ಕೇಳುತ್ತೇನೆ, ಕೂತ ಕೂಡಲೇ ಕೂಪನ್ ತೋರಿಸುತ್ತೇನೆ.

ಕೊನೆ ದಿನಾಂಕವನ್ನೂ ನೋಡಿಕೊಳ್ಳಿ. ಪೂರ್ತಿ ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕಾರ್ಡಿನ ಹಣಕ್ಕೆ ಇಲ್ಲಿನ ಕಾನೂನಿನಂತೆ ಕನಿಷ್ಠ 5 ವರ್ಷ ಆಯುಸ್ಸು. ಗ್ರೂಪಾನ್ ಥರದ ಕೂಪನ್ ಸೈಟುಗಳಲ್ಲಿ ಕೊಂಡಿದ್ದರಲ್ಲಿ ರಿಯಾಯಿತಿಯ ಭಾಗ ಬೇಗ ಮುಗಿದರೂ ನೀವು ಕೊಟ್ಟಷ್ಟು ಡಾಲರ್ ಆ ಹೋಟೆಲಿನಲ್ಲಿ ಆಮೇಲೂ ನಡೆಯುತ್ತದೆ. ಹೋಟೆಲ್ ಇನ್ನೂ ತೆರೆದಿದ್ದರೆ, ಅಷ್ಟೇ.

ಇನ್ನು ಇಂಡಿಯನ್ ಹೋಟೆಲಿನ ಲಂಚ್ ಬಫೆಗೆ ಅಂತ ಕೊಳ್ಳುವವರು ಒಂದು ಮಾತು ಕೇಳಿಕೊಳ್ಳಿ. ಬಫೆಗೆ ನಡೆಯದ ಸರ್ಟಿಫಿಕೇಟ್ ಒಂದು ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಇನ್ನೂ ಬಿದ್ದಿದೆ.