‘ಟೇಕ್ ಇನ್’ ನನಗೆ ಒಲಿದದ್ದು ಹೀಗೆ

ಅನುವಾದಕ್ಕೆ ಕೈ ಹಾಕಿದ ಹೊಸತು. ಒಂದು ಇಂಗ್ಲಿಷ್ ಕಥೆಯಲ್ಲಿ ‘ಶಿ ವಾಸ್ ಟೇಕನ್ ಇನ್ ಬೈ ದಿ ಓಲ್ಡ್ ಕಪಲ್’ ಎಂಬ ವಾಕ್ಯ ಬಂತು. ‘ಆ ಮುದುಕ ಮುದುಕಿ ಅವಳಿಗೆ ಮನೆಯಲ್ಲಿ ಜಾಗ ಕೊಟ್ಟರು’ ಎಂದು ಬರೆದು ಮುಂದೆ ಹೋದೆ. ಎರಡು ಪುಟ ದಾಟುವಷ್ಟರಲ್ಲಿ ಅವಳ ಒಡವೆ ಮಾಯ, ಆ ಜೋಡಿಯೂ ಮಾಯ. ಹಿಂದೆ ಬಂದು ಮತ್ತೆ ಓದಿದೆ. ಅವರು ಅವಳನ್ನು ಮನೆಗೆ ಸೇರಿಸಿಕೊಂಡಿರಲೇ ಇಲ್ಲ, ನಂಬಿಸಿ ಯಾಮಾರಿಸಿದ್ದರು.

ಆಶ್ರಯ ಕೊಡುವುದಕ್ಕೂ ‘ಟೇಕ್ ಇನ್’, ದೊಗಲೆ ಬಟ್ಟೆಯನ್ನು ಬಿಗಿ ಮಾಡಿ ಹೊಲಿಯುವುದಕ್ಕೂ ‘ಟೇಕ್ ಇನ್’, ಓದಿದ್ದು ತಲೆಗೆ ಹತ್ತುವುದಕ್ಕೂ ಅದೇ. ಮೋಸದ ಅರ್ಥ ಇವುಗಳ ನಡುವೆ ಅಡಗಿ ಕೂತಿರುತ್ತದೆ. ಅಂದಿನಿಂದ ನಾನು ಮೊದಲು ನೋಡುವುದು ‘ಬೈ’ ಆದಮೇಲೆ ಏನಿದೆ ಎಂದು. ನಗು, ಮಾತು, ವೇಷ, ಜಾಹೀರಾತು ಇದ್ದರೆ ಅದು ಮರುಳಾಗುವ ಮಾತೇ. ಒಂದು ನಗು ಯಾರಿಗೂ ಮನೆಯಲ್ಲಿ ಜಾಗ ಕೊಡಲಾರದು, ಅಲ್ವಾ? ಅಲ್ಲಿ ಮನುಷ್ಯರೇ ಇದ್ದರೆ ಮಾತ್ರ ಕಷ್ಟ. ಆಗ ಸುತ್ತಲಿನ ನಾಲ್ಕು ವಾಕ್ಯ ಓದದೆ ಪೆನ್ನು ಎತ್ತುವುದಿಲ್ಲ.

ಬಳಸುವಾಗ ನೆನಪಿಡಬೇಕಾದದ್ದು ಸ್ವಲ್ಪವೇ. ‘ನನ್ನನ್ನು’, ‘ಅವಳನ್ನು’ ಎಂಬಂಥ ಪದ ನಡುವೆಯೇ ಬರಬೇಕು: ‘ಹಿ ಟುಕ್ ಮಿ ಇನ್’. ‘ಟುಕ್ ಇನ್ ಮಿ’ ಎಂದರೆ ತಪ್ಪು. ಮೋಸದ ಅರ್ಥದಲ್ಲಿ ಜಾಸ್ತಿ ಕಾಣುವುದು ‘ಟೇಕನ್ ಇನ್’ ರೂಪ. ‘ಡೋಂಟ್ ಬಿ ಟೇಕನ್ ಇನ್ ಬೈ ಹಿಸ್ ಸ್ಮೈಲ್’ ಎಂದರೆ ಅವನ ನಗುವಿಗೆ ಮರುಳಾಗಬೇಡ ಎಂದು. ‘ಫಾಲ್ ಫಾರ್’ ಕೂಡ ಹತ್ತಿರದ್ದೇ, ಆದರೆ ಅಲ್ಲಿ ನಂಬಿದವರೇ ಕರ್ತೃ: ‘ಐ ಫೆಲ್ ಫಾರ್ ಇಟ್’, ಅಂದರೆ ನಾನು ಅದನ್ನು ನಂಬಿ ಮೋಸ ಹೋದೆ ಎಂದು.

ನನಗೆ ನಿಜವಾಗಿ ಹೊತ್ತು ಹಿಡಿದದ್ದು ಕನ್ನಡದ ಪದ ಹುಡುಕುವುದಕ್ಕೆ. ‘ಮೋಸ ಹೋದಳು’ ಎಂದ ಕೂಡಲೇ ಓದುವವರ ಮನಸ್ಸು ಕಳೆದುಕೊಂಡ ದುಡ್ಡಿನ ಕಡೆ ಓಡುತ್ತದೆ. ‘ಟೇಕನ್ ಇನ್’ ಹೇಳುವುದು ಕಳೆದುಕೊಂಡದ್ದನ್ನಲ್ಲ, ನಂಬಿದ್ದನ್ನು. ಒಂದು ಪೈಸೆ ಹೋಗದಿದ್ದರೂ ಟೇಕನ್ ಇನ್ ಆಗಬಹುದು. ‘ಟೋಪಿ ಹಾಕಿದರು’ ಎಂಬುದು ಹಗುರವಾಯಿತು, ಆ ಹುಡುಗಿಯ ನೋವು ಅದರಲ್ಲಿ ನಿಲ್ಲಲಿಲ್ಲ. ‘ಯಾಮಾರಿದಳು’ ನನಗೆ ತುಂಬ ಇಷ್ಟದ ಪದ, ಪಾತ್ರಗಳ ಬಾಯಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಅದರಲ್ಲಿ ಅವಳೇ ಎಚ್ಚರ ತಪ್ಪಿದಳು ಎಂಬ ಸಣ್ಣ ದೂರಿದೆ. ಅವಳ ಮೇಲೆ ಆ ದೂರು ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ನಮ್ಮದೇ ‘ಬಿಡು’ವಿನಲ್ಲಿ. ‘ನಂಬಿದಳು’ ಎಂದರೆ ಸುಮ್ನೆ ನಂಬಿಕೆ. ‘ನಂಬಿಬಿಟ್ಟಳು’ ಎಂದರೆ ಮುಂದೆ ಏನೋ ಕಾದಿದೆ ಎಂದು ಕೇಳಿದವರಿಗೆ ಆಗಲೇ ಗೊತ್ತಾಗುತ್ತದೆ. ಹಳೆಯ ವಾಕ್ಯ ಹೊಡೆದುಹಾಕಿ ಬರೆದೆ: ‘ಆ ಮುದುಕ ಮುದುಕಿಯನ್ನು ಅವಳು ನಂಬಿಬಿಟ್ಟಳು.’